ಎರಡಿಂಚು ಉಸಿರು

ಉಸಿರಾಟದಷ್ಟು ಸುಲಭದ ಕೆಲಸ ಬೇರೊಂದಿಲ್ಲವೆಂದು ನೀವು ತಿಳಿದಿದ್ದರೆ, ಅದನ್ನು ನೀವು ಇದುವರೆಗೆ ಗಮನಿಸಿಲ್ಲವೆಂದು ಅರ್ಥ. ಗಮನಿಸಿದ ಗಳಿಗೆಯಿಂದ ಅದು ಕೆಡುತ್ತದೆ. ಸುಳ್ಳೆನಿಸಿದರೆ ಈ ಸಾಲನ್ನು ಓದುತ್ತಿರುವಾಗಲೇ ಪರೀಕ್ಷಿಸಿ ನೋಡಿ. ಈಗ ತೆಗೆದುಕೊಂಡ ಉಸಿರು ಸಾಕಾಯಿತೋ, ಇನ್ನೂ ಸ್ವಲ್ಪ ಬೇಕಿತ್ತೋ, ಬಿಡುವ ಹೊತ್ತಾಯಿತೋ ಎಂದು ಯೋಚಿಸತೊಡಗಿದಿರೋ, ಮುಗಿಯಿತು. ಹುಟ್ಟಿದಂದಿನಿಂದ ಯಾರ ಸಹಾಯವೂ ಇಲ್ಲದೆ ಮಾಡಿಕೊಂಡು ಬಂದ ಕೆಲಸ ಆ ಕ್ಷಣಕ್ಕೆ ನಿಮಗೆ ಬಾರದು. ನನಗೆ ಈ ಗಮನದ ರೋಗ ಹತ್ತಿದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ. ಹತ್ತಿಸಿದವರು ಸರ್ಕಾರದವರು. ಅದಕ್ಕೆ ಮುಂಚೆ ನಾನೂ ಎಲ್ಲರ ಹಾಗೆ, ಮುಖದಲ್ಲಿ ಮೂಗೊಂದಿದೆ, ಅದು ತನ್ನ ಪಾಡಿಗೆ ಏನೋ ಮಾಡಿಕೊಂಡಿದೆ ಎಂದು ನೆಮ್ಮದಿಯಿಂದಿದ್ದವನೇ.

ಆಗ ನಾನು ಮಂಗಳೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಹಂಗಾಮಿ ಗುಮಾಸ್ತ. ಹಂಗಾಮಿ ಎಂದರೆ ಕುರ್ಚಿಯಲ್ಲಿ ಕೂರಬಹುದು, ಒರಗಬಾರದು. ನಾಳೆ ಬರಬೇಡ ಎಂದರೆ ನಾಡಿದ್ದೂ ಬರುವಂತಿಲ್ಲ. ಹೀಗೆ ಮೂರು ವರ್ಷ ಬೆನ್ನು ನೆಟ್ಟಗಿಟ್ಟುಕೊಂಡು ಕೂತ ಮೇಲೆ ಒಂದು ಬೆಳಿಗ್ಗೆ ಹೆಡ್ ಗುಮಾಸ್ತರು ಕರೆದರು. "ಭಟ್ರೆ, ನಿಮ್ಮನ್ನು ಕಾಯಂ ಮಾಡ್ಲಿಕ್ಕೆ ಆರ್ಡರು ಬಂದುಂಟು. ಆಸ್ಪತ್ರೆಗೆ ಹೋಗಿ ದೊಡ್ಡ ಡಾಕ್ಟ್ರ ಹತ್ರ ಒಂದು ಸರ್ಟಿಫಿಕೇಟು ತಂದುಬಿಡಿ," ಎಂದರು. ಅಂಗಡಿಯಿಂದ ನಾಲ್ಕು ವೀಳ್ಯದೆಲೆ ತಂದುಬಿಡಿ ಎಂದ ಹಾಗಿತ್ತು ಆ ಧಾಟಿ. ನಾನೂ ಹಾಗೆಯೇ ತಿಳಿದು, ಒಗೆದ ಅಂಗಿ ಹಾಕಿಕೊಂಡು ಹೋದೆ. ಹೋದ ಮೇಲೆ ತಿಳಿಯಿತು, ಅವರಿಗೆ ಅಂಗಿ ಬೇಕಾಗಿಲ್ಲ, ಅಂಗಿಯೊಳಗಿನದ್ದು ಬೇಕು ಎಂದು.

ಅಲ್ಲಿ ನಾವು ಆರು ಜನ ಅಂಗಿ ಕಳಚಿ ಸಾಲಾಗಿ ನಿಂತೆವು. ಬರಿಮೈಯಲ್ಲಿ ನಿಂತ ಗಂಡಸು ಮಾಡುವ ಮೊದಲ ಕೆಲಸವೆಂದರೆ ಹೊಟ್ಟೆ ಒಳಗೆಳೆದು ಎದೆ ಉಬ್ಬಿಸುವುದು. ಯಾರೂ ಹೇಳಿಕೊಡಬೇಕಾಗಿಲ್ಲ. ಬಾಗಿಲಲ್ಲಿ ಡಾಕ್ಟರರ ಬೂಟಿನ ಸದ್ದು ಕೇಳಿದ್ದೇ ತಡ, ಆರು ಎದೆಗಳೂ ಒಟ್ಟಿಗೆ ಮೇಲೆದ್ದವು. ಡಾಕ್ಟರರು ನಮ್ಮ ಕಡೆಯವರೇ, ಮಾತು ಕಡಿಮೆ. ಎದೆಗೆ ಟೇಪು ಸುತ್ತಿ "ಬಿಡಿ" ಎಂದರು, ನೋಡಿಕೊಂಡರು. "ಎಳೀರಿ" ಎಂದರು, ನೋಡಿಕೊಂಡರು. ಮೂವತ್ತೊಂದೂವರೆ, ಮೂವತ್ತೆರಡೂಮುಕ್ಕಾಲು. "ಒಂದೂಕಾಲು ಇಂಚು. ಎರಡು ಆಗ್ಬೇಕು ಮಾರಾಯ್ರೆ," ಎಂದರು. ಕಾಗದ ನಕಲು ಮಾಡುವವನ ಎದೆ ಎರಡಿಂಚು ಯಾಕೆ ಉಬ್ಬಬೇಕೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವರು ಫಾರಮಿನ ಮುಂದಿನ ಸಾಲಿಗೆ ಹೋಗಿ, "ತಂದೆ ಇದ್ದಾರಾ?" ಎಂದರು. ಇಲ್ಲವೆಂದೆ. "ಎಂತದರಲ್ಲಿ ಹೋದ್ರು?" "ಜ್ವರದಲ್ಲಿ," ಎಂದೆ. ಅವರು ಕನ್ನಡಕದ ಮೇಲಿನಿಂದ ಒಮ್ಮೆ ನನ್ನ ಪಕ್ಕೆಲುಬುಗಳನ್ನು ನೋಡಿ, ಮೂರು ತಿಂಗಳು ಬಿಟ್ಟು ಬರಬೇಕೆಂದು ಬರೆದರು. ಅಷ್ಟರೊಳಗೆ ಎದೆ ಎರಡಿಂಚು ಉಬ್ಬದಿದ್ದರೆ ಬೇರೆಯವನ ಎದೆಯನ್ನು ನೇಮಿಸಿಕೊಳ್ಳುತ್ತಾರೆ ಎಂಬುದನ್ನು ಹೆಡ್ ಗುಮಾಸ್ತರು ಆಮೇಲೆ ವಿವರಿಸಿದರು.

ಜ್ವರ ಎಂದದ್ದು ಸುಳ್ಳು. ನನ್ನ ಅಪ್ಪ ಕಾವೂರಿನ ಕೆರೆಯ ಆಚೆ ಒಂದು ಸಣ್ಣ ದೇವಸ್ಥಾನದಲ್ಲಿ ನೈವೇದ್ಯದ ಅನ್ನ ಬೇಯಿಸುತ್ತಿದ್ದವರು. ಹೊಗೆಯ ಕೆಮ್ಮು ಎಂದು ಎರಡು ವರ್ಷ ಎಲ್ಲರೂ ಹೇಳಿದರು. ಆಮೇಲೆ ಯಾರೂ ಏನೂ ಹೇಳದಾದರು. ಅಂಗಳದಿಂದಲೇ ಮಾತಾಡಿಸಿ ಹೋಗತೊಡಗಿದರು. ಅದರಿಂದಲೇ ನಮಗೆ ಕಾಯಿಲೆಯ ಹೆಸರು ತಿಳಿದದ್ದು. ನನಗಾಗ ಒಂಬತ್ತು ವರ್ಷ. ಒಂದು ಮಧ್ಯಾಹ್ನ ಅಮ್ಮ ಬಾವಿಗೆ ಹೋದಾಗ ನಾನು ಚಾಪೆಯ ಪಕ್ಕ ಕೂತು, ಮಾಡಲು ಬೇರೆ ಕೆಲಸವಿಲ್ಲದೆ, ಅಪ್ಪನ ಉಸಿರು ಎಣಿಸುತ್ತಿದ್ದೆ. ನಲವತ್ತರವರೆಗೆ ಬಂದಿತ್ತು. ಅಪ್ಪ ಉದ್ದಕ್ಕೆ ಒಂದು ಉಸಿರು ಬಿಟ್ಟರು. ನಾನು ನಲವತ್ತೊಂದು ಎನ್ನಲು ಬಾಯಿ ತೆರೆದು ಕಾದೆ. ಬಹಳ ಹೊತ್ತು ಕಾದೆ. ನಮ್ಮ ಮನೆಯಲ್ಲಿ ಅಮ್ಮ ಅದಕ್ಕೆ ಜ್ವರವೆಂದೇ ಹೆಸರಿಟ್ಟಳು. ನನ್ನ ಮದುವೆಯ ಮಾತು ಬಂದಾಗಲೂ ಜ್ವರವೇ. ಕ್ಷಯದ ಮನೆಗೆ ಹೆಣ್ಣು ಕೊಡುವವರಿಲ್ಲ. ಹಾಗಾಗಿ ರುಕ್ಮಿಣಿ ನನ್ನ ಮನೆ ತುಂಬಿದ್ದೇ ಒಂದು ಸುಳ್ಳಿನ ಮೇಲೆ. ಮದುವೆಯಾಗಿ ಎರಡು ವರ್ಷವಾದರೂ ನಾನು ಅವಳಿಗೆ ನಿಜ ಹೇಳಿರಲಿಲ್ಲ, ಹೇಳುವ ಧೈರ್ಯವೂ ನನಗಿರಲಿಲ್ಲ. ಈಗ ಡಾಕ್ಟರರು ಎದೆ ಸಾಲದು ಎಂದಾಗ ನನಗೆ ಉದ್ಯೋಗದ ಚಿಂತೆ ಅರ್ಧ, ಇನ್ನರ್ಧ ಯಾವುದೆಂದು ನಾನು ಹೇಳಬೇಕಾಗಿಲ್ಲ. ಇದು ಅಪ್ಪನ ಎದೆಯೇ ಇರಬಹುದೇ ಎಂದು ದಿನಕ್ಕೆ ನೂರು ಸಲ ಹೆದರಿದೆ.

ರುಕ್ಮಿಣಿಗೆ ಇಂಚಿನ ಸಂಗತಿ ಮಾತ್ರ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. "ಅಷ್ಟೇ ಅಲ್ಲವಾ? ಮುಕ್ಕಾಲು ಇಂಚು ತಾನೆ? ಬೆಳೆಸುವ," ಎಂದಳು. ಹಿತ್ತಿಲ ತೊಂಡೆ ಚಪ್ಪರದ ಬಗ್ಗೆಯೂ ಅವಳು ಹೀಗೆಯೇ ಮಾತಾಡುತ್ತಿದ್ದಳು. ಮನೆಯಲ್ಲಿ ಟೇಪು ಇರಲಿಲ್ಲ. ಮಲ್ಲಿಗೆ ಕಟ್ಟಲು ನೀರಿನಲ್ಲಿ ನೆನೆಹಾಕಿದ್ದ ಬಾಳೆನಾರು ಇತ್ತು. ಅದನ್ನೇ ನನ್ನ ಎದೆಗೆ ಸುತ್ತಿ, "ಎಳೀರಿ, ಇನ್ನೂ ಎಳೀರಿ" ಎಂದು, ತುದಿ ಮುಟ್ಟಿದಲ್ಲಿ ಒಂದು ಗಂಟು ಹಾಕಿ ಗೋಡೆಯ ಮೊಳೆಗೆ ತೂಗುಹಾಕಿದಳು. ಪ್ರತಿ ಶನಿವಾರ ಎಣ್ಣೆಸ್ನಾನವಾದ ಮೇಲೆ ಅಳತೆ. ಒಂದು ವಾರ ಕಳೆದು ನೋಡಿದರೆ ಗಂಟು ತಲುಪಲೇ ಇಲ್ಲ, ಎರಡು ಬೆರಳು ಜಾಗ ಬಿಟ್ಟಿತ್ತು! ಅವಳ ಮುಖ ಊರಗಲವಾಯಿತು. ಆ ದಿನ ಪಾಯಸ ಮಾಡಿದಳು. ಮುಂದಿನ ಶನಿವಾರ ಇನ್ನೂ ಅರ್ಧ ಬೆರಳು. ನಾನು ಆ ಹದಿನೈದು ದಿನ ಬೀದಿಯಲ್ಲಿ ನಡೆದ ರೀತಿ ಈಗ ನೆನೆದರೆ ನಾಚಿಕೆಯಾಗುತ್ತದೆ.

ಎದೆ ಬೆಳೆಸಲು ಏನು ಮಾಡಬೇಕೆಂದು ಹೇಳುವವರಿಗೆ ನಮ್ಮ ಊರಿನಲ್ಲಿ ಬರವಿಲ್ಲ. ಶಂಖ ಊದಿ ಎಂದವರೊಬ್ಬರು. ಮನೆಯಲ್ಲಿ ಅಪ್ಪನ ಶಂಖವಿತ್ತು. ಮೊದಲ ನಾಲ್ಕು ದಿನ ಅದರಿಂದ ಉಗುಳು ಮಾತ್ರ ಬಂತು. ಐದನೆಯ ದಿನ, ಒಂದು ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ, ನನಗೇ ಬೆರಗಾಗುವ ಹಾಗೆ ಅದು ಕೂಗಿತು. ಪಕ್ಕದ ಮನೆಯ ಪದ್ದಕ್ಕ ವಯಸ್ಸಾದವರು. ಕೆಳಗಿನ ದೇವಸ್ಥಾನದ ಮಧ್ಯಾಹ್ನದ ಪೂಜೆಯ ಶಂಖ ಕೇಳದೆ ಊಟ ಮಾಡಬಾರದೆಂಬ ನೇಮ ಅವರದು. ಕಿವಿ ಸ್ವಲ್ಪ ಮಂದ, ಹಸಿವೆ ಚುರುಕು. ಇಂದು ದೇವಸ್ಥಾನದ ಭಟ್ಟರು ಪೂಜೆ ಬೇಗ ಮುಗಿಸಿದರು ಎಂದುಕೊಂಡು ಎಲೆ ಹಾಕಿ ಉಂಡುಬಿಟ್ಟರು. ಹನ್ನೆರಡೂವರೆಗೆ ನಿಜವಾದ ಶಂಖ ಕೇಳಿದಾಗ ಅವರು ನಮ್ಮ ಅಂಗಳಕ್ಕೆ ಬಂದ ಬಗೆಯನ್ನು ವರ್ಣಿಸಲಾರೆ. "ಇಪ್ಪತ್ತು ವರ್ಷದ ನೇಮ ಮಾರಾಯ! ನಿನ್ನ ಎದೆ ಉಬ್ಬಲಿಕ್ಕೆ ನನ್ನ ನೇಮವೇ ಆಗಬೇಕಿತ್ತಾ?" ಎಂದು ಅತ್ತರು, ಬೈದರು. ಕೊನೆಗೆ ಅಷ್ಟು ಹೊತ್ತಿಗೆ ಮತ್ತೆ ಹಸಿವಾಗಿದ್ದರಿಂದ ಹೋಗಿ ಇನ್ನೊಮ್ಮೆ ಉಂಡರು. ಶಂಖ ಪೆಟ್ಟಿಗೆ ಸೇರಿತು.

ಆಗ ನನಗೆ ಸಿಕ್ಕಿದವರು ಪಾಸ್ಕಲ್ ಮಾಸ್ಟ್ರು. ನಮ್ಮ ಓಣಿಯ ತುದಿಯಲ್ಲಿ ಅವರ ಮನೆ; ಒಂದು ಶಾಲೆಯಲ್ಲಿ ಡ್ರಿಲ್ ಮಾಸ್ಟರು. ಐವತ್ತು ದಾಟಿದ್ದರೂ ಬೆನ್ನು ಬಂದೂಕಿನ ನಳಿಗೆ. ಅವರು ನನ್ನನ್ನು ಹಿಡಿದದ್ದು ಗುಡ್ಡೆಯ ಅರ್ಧದಲ್ಲಿ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುತ್ತಾರಲ್ಲ, ಹಾಗೆ ಮಂಗಳೂರಿಗೆ ಬಂದವನು ಗುಡ್ಡೆ ಹತ್ತದೆ ಇರಲಾರ. ನನ್ನ ಕಚೇರಿ ಕೆಳಗೆ, ಮನೆ ಬಾವುಟಗುಡ್ಡೆಯ ಆಚೆ. ದಿನಾ ಸಂಜೆ ಆ ಏರಿನಲ್ಲಿ ನನ್ನ ಉಸಿರು ಸೋಲುತ್ತಿತ್ತು, ಮತ್ತು ನಾನು ಅದನ್ನು ಯಾರಿಗೂ ಕಾಣಿಸುತ್ತಿರಲಿಲ್ಲ. ಅದು ಹೇಗೆಂದು ಕೇಳಿ. ಮೊದಲ ತಿರುವಿನಲ್ಲಿ ಒಂದು ಹಲಸಿನ ಮರವಿತ್ತು. ಅಲ್ಲಿ ನಿಂತು, ಈ ವರ್ಷ ಕಾಯಿ ಹೇಗೆ ಎಂದು ತಲೆಯೆತ್ತಿ ನೋಡುವುದು. ಮಳೆಗಾಲದಲ್ಲೂ ನೋಡುತ್ತಿದ್ದೆ, ಮರದಲ್ಲಿ ಕಾಯಿ ಇಲ್ಲದಾಗಲೂ. ಅಲ್ಲಿಂದ ಮುಂದೆ ಚಪ್ಪಲಿಯ ಬಾರು ಸಡಿಲವಾಗುತ್ತಿತ್ತು. ಇನ್ನೂ ಮುಂದೆ ಸಮುದ್ರ ಕಾಣುತ್ತದೆ. ಅಲ್ಲಿ ನಿಂತರೆ ರಸಿಕನೆಂದು ಹೆಸರು ಬರುತ್ತದೆ. ಜೊತೆಗೆ ಯಾರಾದರೂ ಇದ್ದರೆ ಏರು ಶುರುವಾಗುವ ಮೊದಲು ಅವರಿಗೊಂದು ಉದ್ದದ ಪ್ರಶ್ನೆ ಕೇಳಿಬಿಡಬೇಕು. "ನಿಮ್ಮ ಆ ಭೂಮಿಯ ವ್ಯಾಜ್ಯ ಎಲ್ಲಿಗೆ ಬಂತು?" ಎಂದರೆ ಸಾಕು, ಮೇಲೆ ತಲುಪುವವರೆಗೆ ಅವರೇ ಮಾತಾಡಿ ಅವರೇ ಏದುತ್ತಾರೆ. ನಾವು ಹೂಂ ಎಂದರಾಯಿತು. ಹೂಂ ಎನ್ನಲು ಮೂಗು ಸಾಕು.

ಪಾಸ್ಕಲ್ ಮಾಸ್ಟ್ರು ನನ್ನನ್ನು ಹಲಸಿನ ಮರದಡಿ ಹಿಡಿದು, "ಎಂತ ಭಟ್ರೆ, ದಿನಾ ಇದೇ ಮರದ ಹತ್ರ ನಿಲ್ತೀರಿ. ಮರದಲ್ಲಿ ಎಂತದೂ ಇಲ್ಲ. ಉಸಿರು ಸಿಗುದಿಲ್ಲ ಅಂತ ಹೇಳಿ," ಎಂದರು. ಸಿಕ್ಕಿಬಿದ್ದವನು ಇನ್ನೇನು ಮಾಡುವುದು? ಇಂಚಿನ ಕಥೆ ಹೇಳಿದೆ. ಅವರು ನಕ್ಕು, "ನಾಳೆ ಬೆಳಿಗ್ಗೆ ಐದೂವರೆಗೆ ಮೈದಾನಕ್ಕೆ ಬನ್ನಿ," ಎಂದರು.

ಆ ಕಾಲದಲ್ಲಿ ನಮ್ಮ ಊರಿನಲ್ಲಿ ಕಾರಣವಿಲ್ಲದೆ ಓಡುವವರಿರಲಿಲ್ಲ. ಶಾಲೆಯ ಹುಡುಗರು ಚೆಂಡಿನ ಹಿಂದೆ ಓಡುತ್ತಿದ್ದರು, ಕಳ್ಳರು ಪೊಲೀಸರ ಮುಂದೆ ಓಡುತ್ತಿದ್ದರು. ಜುಟ್ಟು ಬಿಟ್ಟ ಭಟ್ಟನೊಬ್ಬ ಕಚ್ಚೆ ಬಿಗಿದು ಮೈದಾನ ಸುತ್ತುವುದನ್ನು ಕಂಡ ಹಾಲಿನವನೊಬ್ಬ ಬಿಂದಿಗೆ ಕೆಳಗಿಟ್ಟು, "ಎಂತ ಸ್ವಾಮಿ, ದನ ತಪ್ಪಿಸಿಕೊಂಡಿತಾ?" ಎಂದು ಕೂಗಿದ. ಉತ್ತರ ಹೇಳಲು ನನ್ನಲ್ಲಿ ಉಸಿರೆಲ್ಲಿತ್ತು! ಕೈ ಬೀಸಿದೆ. ಆ ಕಡೆ ಹೋಯಿತೆಂದು ತಿಳಿದು ಅವನೂ ಒಂದು ಸುತ್ತು ಓಡಿಬಂದ. ಪಾಪ, ದನ ಯಾವ ಬಣ್ಣದ್ದು ಎಂದೂ ಕೇಳಿದ. ಪಾಸ್ಕಲ್ ಮಾಸ್ಟ್ರು ನಡುವೆ ನಿಂತು, "ಬಾಯಿ ಮುಚ್ಚಿ ಭಟ್ರೆ, ಮೂಗು ಎಂತಕ್ಕೆ ಉಂಟು? ಎದೆ ಮುಂದೆ! ಎಳೀರಿ!" ಎಂದು ಗದರುತ್ತಿದ್ದರು.

ಎರಡು ಸುತ್ತಿಗೆ ನಾನು ನೆಲದ ಮೇಲೆ ಕೂತೆ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಪಕ್ಕೆಯಲ್ಲಿ ಚುಚ್ಚು. ಗಾಳಿಯಿಂದ ತುಂಬಿದ ಮೈದಾನದ ನಡುವೆ ಕೂತು ನನಗೊಬ್ಬನಿಗೇ ಗಾಳಿ ಸಾಲದಾಯಿತು. ಇದೇ ಅದು, ಅಪ್ಪನದ್ದೇ ಇದು ಎನಿಸಿ ಎದೆ ಹಿಡಿದುಕೊಂಡೆ. ಮಾಸ್ಟ್ರು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತರು. "ಹೆದ್ರಿಕೆ ಎಂತಕ್ಕೆ? ಏದುಸಿರು ಕಾಯಿಲೆ ಅಲ್ಲ. ಕಮ್ಮಾರನ ಕುಲುಮೆ ನೋಡಿದ್ದೀರಲ್ಲ? ಕಬ್ಬಿಣ ಕಾಯ್ಬೇಕಾದ್ರೆ ತಿದಿ ಜೋರು ಒತ್ತಬೇಕು. ಓಡಿದ್ದು ಕಾಲು, ಅದಕ್ಕೆ ಗಾಳಿ ಬೇಕು. ಕೇಳುದು ಕಾಲು, ಕೊಡುದು ಎದೆ, ಕೊಂಡುಹೋಗುದು ರಕ್ತ. ನೀವು ನಿಂತರೂ ಕಾಲು ಕೇಳುದು ಕೂಡಲೇ ನಿಲ್ಸುದಿಲ್ಲ. ಕೇಳಿ ಸಾಕಾದ ಮೇಲೆ ಅದೇ ಸುಮ್ಮನಾಗ್ತದೆ, ನೋಡಿ," ಎಂದರು. ನೋಡುತ್ತಿದ್ದಂತೆ ಅದು ಸುಮ್ಮನಾಯಿತು. ನನಗೆ ಆಶ್ಚರ್ಯವಾಯಿತು. ಇಷ್ಟು ವರ್ಷ ಏದುಸಿರು ಬಂದಾಗಲೆಲ್ಲ ನಾನು ಅದನ್ನು ಅಡಗಿಸಲು ನೋಡಿದ್ದೆನೇ ಹೊರತು, ಅದು ತಾನಾಗಿ ಎಲ್ಲಿಗೆ ಹೋಗುತ್ತದೆಂದು ಕಾದು ನೋಡಿರಲಿಲ್ಲ.

ಹೀಗೆ ಒಂದೂವರೆ ತಿಂಗಳು ಓಡಿದೆ. ಆಗ ಉಸಿರಿನ ಬಗ್ಗೆ ನಾನು ಕಂಡುಕೊಂಡ ಕೆಲವು ಸತ್ಯಗಳಿವೆ. ಒಂದು, ಉಸಿರಿಗೆ ಕಣ್ಣುಂಟು. ಓಡಲು ತೊಡಗುವ ಮೊದಲೇ, ಓಡಬೇಕಲ್ಲ ಎಂದುಕೊಂಡಾಗಲೇ ಅದು ವೇಗವಾಗುತ್ತದೆ. ಗುಡ್ಡೆಯ ಬುಡದಲ್ಲಿ ನಿಂತು ತಲೆಯೆತ್ತಿದರೆ ಸಾಕು, ಕಾಲು ಇನ್ನೂ ನೆಲದಲ್ಲಿರುವಾಗಲೇ ಎದೆ ಹತ್ತಿ ಮುಗಿಸಿರುತ್ತದೆ. ಮತ್ತೆ, ಮೂರನೆಯ ಸುತ್ತಿನಲ್ಲಿ ಸತ್ತೇಹೋದೆನೆನಿಸುತ್ತದೆ. ಅಲ್ಲಿ ನಿಲ್ಲದೆ ನಾಲ್ಕನೆಯದಕ್ಕೆ ಹೋದರೆ ಉಸಿರು ಒಂದು ಲಯ ಹಿಡಿದು, ಹೆಜ್ಜೆಗೆ ಸರಿಯಾಗಿ ತಾಳ ಹಾಕತೊಡಗುತ್ತದೆ; ಸಾಯುವುದು ಮುಂದಕ್ಕೆ ಹೋಗುತ್ತದೆ. ಮೂರನೆಯದಕ್ಕೇ ನಿಂತವರಿಗೆ ಈ ಸುದ್ದಿ ತಿಳಿಯುವುದೇ ಇಲ್ಲ. ಆ ಮೂರನೆಯ ಸುತ್ತಿನ ಅಂಚಿನಲ್ಲೇ ನಿಂತು ಜೀವನವಿಡೀ ಹಲಸಿನ ಮರ ನೋಡಿದವರು ನಮ್ಮ ಕಚೇರಿಯಲ್ಲಿ ಬಹಳ ಜನರಿದ್ದರು. ನಾನೂ ಅವರಲ್ಲಿ ಒಬ್ಬ. ದಿನ ಕಳೆದ ಹಾಗೆ ಸಂಜೆಯ ಏರಿನಲ್ಲಿ ಮೊದಲು ಸಮುದ್ರ ಬಿಟ್ಟುಹೋಯಿತು, ಆಮೇಲೆ ಚಪ್ಪಲಿಯ ಬಾರು ಗಟ್ಟಿಯಾಯಿತು, ಕೊನೆಗೊಂದು ದಿನ ಹಲಸಿನ ಮರವನ್ನೂ ನೋಡದೆ ಮೇಲೆ ಬಂದೆ. ಅದೇ ಗುಡ್ಡೆ, ಅದೇ ಕಾಲು. ಉಸಿರು ಮಾತ್ರ ಕಡಿಮೆ ಗಲಾಟೆ ಮಾಡುತ್ತಿತ್ತು.

ಈ ಖುಷಿಯಲ್ಲಿ ನಾನು ಮಾಸ್ಟ್ರಿಗೆ ಬಾಳೆನಾರಿನ ಲೆಕ್ಕ ಹೇಳಿದೆ. ಎದೆ ನಾಲ್ಕು ಬೆರಳು ಬೆಳೆದಿದೆ ಎಂದೆ. ಅವರು ಮರುದಿನ ದರ್ಜಿಯ ಟೇಪು ತಂದರು. "ಎದೆ ಮುಂದೆ! ಎಳೀರಿ!" ಎಳೆದೆ. ಮೂವತ್ತಮೂರು. ಡಾಕ್ಟರರು ನೋಡಿದ್ದಕ್ಕಿಂತ ಕಾಲಿಂಚು ಜಾಸ್ತಿ, ಅಷ್ಟೆ. "ಅಳೆದದ್ದು ಯಾವುದರಲ್ಲಿ?" "ಬಾಳೆನಾರಿನಲ್ಲಿ." "ಹಸಿಯಾ ಒಣಗಿದ್ದಾ?" ಆಗ ಗೊತ್ತಾಯಿತು. ನೆನೆದ ನಾರಿನಲ್ಲಿ ಗಂಟು ಹಾಕಿ, ಒಲೆಯ ಪಕ್ಕದ ಗೋಡೆಗೆ ತೂಗುಹಾಕಿ, ಅದು ಒಣಗಿ ಮುದುಡಿದಷ್ಟೂ ನಾವು ಗಂಡಹೆಂಡಿರು ಪಾಯಸ ಉಂಡಿದ್ದೆವು. ಮನೆಗೆ ಬಂದು ಹೇಳಿದಾಗ ರುಕ್ಮಿಣಿ ನಗಲಿಲ್ಲ. ನಾರನ್ನು ಮೊಳೆಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಒಂದು ತಿಂಗಳು ಉಂಟಲ್ಲ ಇನ್ನೂ," ಎಂದಳು. ಅಷ್ಟು ಹೇಳಿ ಒಳಗೆ ಹೋದಳು. ಇಂಚಿನ ಸಂಗತಿಗೆ ಇವಳು ಇಷ್ಟು ಸಪ್ಪಗಾದದ್ದೇಕೆ ಎಂದು ನನಗೆ ಆಗ ಹೊಳೆಯಲಿಲ್ಲ.

ಮೂರು ತಿಂಗಳು ತುಂಬಿದ ದಿನ ಮತ್ತೆ ಆಸ್ಪತ್ರೆಗೆ ಹೋದೆ. ಆ ದಿನ ನಾನೊಬ್ಬನೇ. ಬಾಗಿಲ ಹೊರಗೆ ನಿಂತಾಗಲೇ ಎದೆ ತುಂಬಿಸಿಕೊಂಡಿದ್ದೆ. ಡಾಕ್ಟರರು ಟೇಪು ಸುತ್ತಿದರು. "ಬಿಡಿ." ಮೂವತ್ತೆರಡೂಕಾಲು. "ಎಳೀರಿ." ಮೂವತ್ತಮೂರೂವರೆ. ಅವರು ಕಾಗದ ನೋಡಿ, ಟೇಪು ನೋಡಿ, ನನ್ನ ಮುಖ ನೋಡಿದರು. "ಮತ್ತೆ ಒಂದೂಕಾಲೇ ಅಲ್ಲವಾ!" ಎಂದರು. ಮೂರು ತಿಂಗಳ ಓಟ, ಶಂಖ, ಪಾಯಸ, ಎಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ. ಡಾಕ್ಟರರು ಮಾತ್ರ ಟೇಪು ತೆಗೆಯಲಿಲ್ಲ. "ಇನ್ನೊಮ್ಮೆ ಬಿಡಿ ನೋಡುವ," ಎಂದರು. ಬಿಟ್ಟೆ. "ಇದು ಬಿಟ್ಟದ್ದಾ? ಮೇಲಿನ ಸ್ವಲ್ಪ ಚೆಲ್ಲಿ ಉಳಿದದ್ದು ಒಳಗೇ ಇಟ್ಕೊಂಡಿದ್ದೀರಿ. ನಾನು ಅಳೆಯುದು ಎಷ್ಟು ತುಂಬ್ತದೆ ಅಂತ ಅಲ್ಲ ಮಾರಾಯ್ರೆ, ಖಾಲಿಗೂ ತುಂಬಿದ್ದಕ್ಕೂ ನಡುವೆ ಎಷ್ಟು ಉಂಟು ಅಂತ. ನೀವು ಖಾಲಿ ಆಗುದೇ ಇಲ್ಲ. ಎಂತಕ್ಕೆ ಬಿಡುದಿಲ್ಲ?"

ಎಲ್ಲರೂ ನನಗೆ ಎಳೆಯಲು ಹೇಳಿದ್ದರು. ಹೆಂಡತಿ ಹೇಳಿದ್ದು ಎಳೀರಿ, ಮಾಸ್ಟ್ರು ಹೇಳಿದ್ದು ಎಳೀರಿ. ಬಿಡು ಎಂದು ಹೇಳಿ, ಬಿಟ್ಟೆನೋ ಇಲ್ಲವೋ ಎಂದು ನಿಂತು ನೋಡಿದವರು ಇವರೊಬ್ಬರೇ. ನನ್ನ ಬಾಯಿ ತಾನಾಗಿ, "ನನ್ನ ತಂದೆ ಜ್ವರದಲ್ಲಿ ಹೋದದ್ದಲ್ಲ," ಎಂದಿತು. ಚಾಪೆಯ ಪಕ್ಕ ಕೂತು ಎಣಿಸಿದ್ದನ್ನು ಹೇಳಿದೆ. ನಲವತ್ತರ ಮೇಲೆ ಬಾರದ ನಲವತ್ತೊಂದನ್ನೂ ಹೇಳಿದೆ. ಅಂದಿನಿಂದ ನಾನು ಉಸಿರನ್ನು ಪೂರ್ತಿ ಬಿಟ್ಟವನಲ್ಲವೆಂದು ಹೇಳುವಾಗಲೇ ನನಗೂ ಗೊತ್ತಾದದ್ದು. ಬಿಟ್ಟದ್ದು ವಾಪಸು ಬರುತ್ತದೆ ಎಂಬ ನಂಬಿಕೆ ನನಗಿರಲಿಲ್ಲ. ಡಾಕ್ಟರರು ಸ್ಟೆತಾಸ್ಕೋಪು ತೆಗೆದರು. ಎದೆಯ ಮೇಲೆ, ಕಂಕುಳ ಕೆಳಗೆ, ಬೆನ್ನಿನ ಉದ್ದಕ್ಕೂ ಇಟ್ಟು, ಬೆರಳಿನಿಂದ ಬಡಿದು, ಕಣ್ಣು ಮುಚ್ಚಿ ಕೇಳಿದರು. ಅಷ್ಟು ಹೊತ್ತು ಯಾರೂ ನನ್ನ ಮಾತನ್ನೂ ಕೇಳಿದ್ದಿಲ್ಲ. ಕೊನೆಗೆ, "ಇಲ್ಲಿ ಎಂತದೂ ಇಲ್ಲ. ಒಳ್ಳೇ ಎದೆ. ಇದು ನಿಮ್ಮದು, ನಿಮ್ಮ ಅಪ್ಪನದ್ದಲ್ಲ," ಎಂದರು. ಆಮೇಲೆ ಟೇಪು ಸುತ್ತಿ, "ಈಗ ಬಿಡಿ. ಎಲ್ಲ ಬಿಡಿ. ನಾನು ಇಲ್ಲೇ ಇದ್ದೇನೆ," ಎಂದರು.

ಬಿಟ್ಟೆ. ಇನ್ನು ಇಲ್ಲವೆನಿಸಿದ ಮೇಲೂ ಬಿಟ್ಟೆ. ಹೊಟ್ಟೆ ಬೆನ್ನಿಗೆ ಅಂಟಿತು, ಕಣ್ಣಲ್ಲಿ ನೀರು ಬಂತು. ಒಂದು ಗಳಿಗೆ ಒಳಗೆ ಏನೂ ಇರಲಿಲ್ಲ. ಆಮೇಲೆ ನಾನು ಕರೆಯದೆಯೇ, ಬಾ ಎನ್ನದೆಯೇ, ಗಾಳಿ ನುಗ್ಗಿ ಒಳಗೆ ಬಂತು. ಮೂವತ್ತೊಂದರಿಂದ ಮೂವತ್ತಮೂರೂವರೆ. ಎರಡೂವರೆ ಇಂಚು! "ಇಷ್ಟು ಬೆಳೆಯಿತಾ ಡಾಕ್ಟ್ರೆ?" ಎಂದೆ. "ಪುಪ್ಪುಸ ಎಂತ ಬೆಳೆಯುದು ಈ ವಯಸ್ಸಿನಲ್ಲಿ? ಅದು ಮೊದಲೂ ಅಷ್ಟೇ ಇತ್ತು. ಅದನ್ನು ಆಡಿಸುವ ಸ್ನಾಯು ಓಡಿ ಓಡಿ ಕೆಲಸ ಕಲಿತಿದೆ, ಅಷ್ಟೆ. ದೇವರು ಕೊಟ್ಟ ಮನೆಯಲ್ಲಿ ಇಷ್ಟು ದಿನ ಜಗಲಿಯಲ್ಲೇ ಮಲಗಿದ್ರಿ," ಎಂದು ಸಹಿ ಹಾಕಿ ಕಾಗದ ಕೈಗಿತ್ತರು.

ಕಾಗದವನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟು ಆಸ್ಪತ್ರೆಯಿಂದ ಹೊರಬಿದ್ದವನು ಕಚೇರಿಗೆ ಹೋಗಲಿಲ್ಲ. ರುಕ್ಮಿಣಿಗೆ ಎಲ್ಲ ಹೇಳಬೇಕು, ಎರಡೂವರೆ ಇಂಚನ್ನೂ ಅಪ್ಪನನ್ನೂ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡಬೇಕು ಎಂದು ನೇರ ಗುಡ್ಡೆಯತ್ತ ನಡೆದೆ. ನಡೆದವನು ಓಡಿದೆ. ಏಪ್ರಿಲ್ ತಿಂಗಳ ಹನ್ನೊಂದು ಗಂಟೆಯ ಬಿಸಿಲು. ಬುಡದಿಂದ ತುದಿಯವರೆಗೆ ಎಲ್ಲಿಯೂ ನಿಲ್ಲಲಿಲ್ಲ. ಮನೆಯ ದಣಪೆ ದಾಟಿ ಅಂಗಳಕ್ಕೆ ಕಾಲಿಟ್ಟಾಗ ಬಾಯಿ ತೆರೆದೆ. ಬಾಯಿಂದ ಗಾಳಿಯಲ್ಲದೆ ಇನ್ನೇನೂ ಹೊರಡಲಿಲ್ಲ.

ರುಕ್ಮಿಣಿ ಅಂಗಳದಲ್ಲಿ ಚಾಪೆ ಹಾಸಿ ಹಪ್ಪಳ ಒಣಗಿಸುತ್ತಿದ್ದಳು. ನನ್ನ ಅವಸ್ಥೆ ನೋಡಿದಳು. ಬೆವರಿ ತೊಯ್ದ ಮೈ, ಕೆಂಪಾದ ಕಣ್ಣು, ಎದೆಯ ಮೇಲೆ ಕೈ. ಹಪ್ಪಳ ತುಳಿದುಕೊಂಡೇ ಓಡಿಬಂದು ನನ್ನನ್ನು ಜಗಲಿಯಲ್ಲಿ ಕೂರಿಸಿ ಸೆರಗಿನಿಂದ ಗಾಳಿ ಹಾಕತೊಡಗಿದಳು. "ಆಗಲಿಲ್ಲ ಅಲ್ಲವಾ? ಆಗದಿದ್ರೆ ಹೋಗ್ಲಿ. ಹಾಳಾದ ಕೆಲಸ! ಇವರ ಇಂಚನ್ನು ಇವರೇ ಇಟ್ಕೊಳ್ಳಲಿ," ಎಂದಳು. ನಾನು ತಲೆಯಾಡಿಸಿ ಅಲ್ಲ ಅಲ್ಲವೆಂದು ಸನ್ನೆ ಮಾಡಿದೆ. ಅವಳು ಅದನ್ನು ದುಃಖವೆಂದು ತಿಳಿದಳು. ಪಕ್ಕದಲ್ಲಿ ಕೂತು, ನನ್ನ ಬೆನ್ನಿನ ಮೇಲೆ ಕೈಯಿಟ್ಟು, ತಗ್ಗಿದ ದನಿಯಲ್ಲಿ ಮಾತಾಡಿದಳು. "ನಿಮ್ಮ ಅಪ್ಪಯ್ಯನ ಕಾಯಿಲೆ ಎಂತದಂತ ನನಗೆ ಮೊದಲೇ ಗೊತ್ತುಂಟು. ಮದುವೆಗೆ ಮೊದಲೇ ಗೊತ್ತಿತ್ತು. ನನ್ನ ಅಪ್ಪ ಈ ಸಂಬಂಧ ಬೇಡ ಅಂತ ಹಟ ಹಿಡಿದಿದ್ರು. ಆಗ್ತದೆ ಅಂತ ಹೇಳಿದ್ದು ನಾನು. ನೀವು ಹೇಳ್ತೀರಿ, ಹೇಳ್ತೀರಿ ಅಂತ ಕಾದೆ. ಹೇಳ್ಲಿಲ್ಲ. ಪ್ರತಿ ಶನಿವಾರ ಆ ನಾರು ಸುತ್ತುವಾಗ ನಾನು ಇಂಚು ನೋಡ್ತಿದ್ದೆ ಅಂದುಕೊಂಡಿರಾ? ಕಿವಿ ಇಟ್ಟು ನಿಮ್ಮ ಉಸಿರು ಕೇಳ್ತಿದ್ದೆ."

ನಾನು ಎರಡು ವರ್ಷ ಅಡಗಿಸಿಟ್ಟದ್ದು ಅವಳ ಮಡಿಲಲ್ಲೇ ಇತ್ತು. ನನಗೆ ಅಳು ಬಂತು. ಏದುಸಿರಿನ ನಡುವೆ ಅಳು ಬಂದರೆ ಎಂತಹ ಸದ್ದು ಹೊರಡುತ್ತದೆ ಎಂಬುದನ್ನು ಕೇಳಿದವರೇ ಬಲ್ಲರು. ಅವಳು ಇನ್ನೂ ಹೆದರಿದಳು. "ಅಯ್ಯೋ ನನ್ನ ದೇವರೇ, ಮಾತಾಡ್ಬೇಡಿ. ನಿಮಗೆ ಎಂತ ಕಮ್ಮಿಯಾಗಿದೆ ಹೇಳಿ! ನಿಮ್ಮ ಹಾಗಿರುವ ಗಂಡಸು ಈ ಇಡೀ ಗುಡ್ಡೆಯಲ್ಲಿ ಇನ್ನೊಬ್ಬ ಇಲ್ಲ. ಒಂದು ದಿನ ದನಿ ಎತ್ತಿದವರಲ್ಲ. ಉದ್ಯೋಗ ಇಲ್ಲದಿದ್ರೆ ನಾನು ಹಪ್ಪಳ ಮಾರ್ತೇನೆ. ನೀವೊಬ್ರು ಹೀಗೆ ಉಸಿರಾಡ್ಕೊಂಡು ಇದ್ರೆ ಸಾಕು ನನಗೆ," ಎಂದಳು.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ಪಾಸ್ಕಲ್ ಮಾಸ್ಟ್ರ ಶಿಷ್ಯನಾದ ನನಗೆ ಅಷ್ಟು ಹೊತ್ತಿಗೆ ಉಸಿರು ಪೂರ್ತಿಯಾಗಿ ಮರಳಿತ್ತು. ಎರಡೂವರೆ ತಿಂಗಳ ಅಭ್ಯಾಸದ ಫಲವೇ ಅದು; ಒಂದು ಗುಡ್ಡೆಗೆ ಎರಡು ನಿಮಿಷಕ್ಕಿಂತ ಹೆಚ್ಚು ಬೇಡ. ಎದೆ ನೆಮ್ಮದಿಯಾಗಿ ಏರಿಳಿಯುತ್ತಿತ್ತು, ಬಾಯಿ ಬೇಕಾದ್ದನ್ನು ಹೇಳಲು ಸಿದ್ಧವಿತ್ತು. ಆದರೆ ಕಾಯಂ ಗುಮಾಸ್ತನ ಹೆಂಡತಿ ಗಂಡನಿಗೆ ಇಂತಹ ಮಾತು ಹೇಳಿದ್ದನ್ನು ನಾನು ನಮ್ಮ ಓಣಿಯಲ್ಲಿ ಎಲ್ಲಿಯೂ ಕೇಳಿರಲಿಲ್ಲ. ನಾಳೆಯಿಂದ ನಾನೂ ಕಾಯಂ. ಅವಳು ಸೆರಗಿನಿಂದ ಗಾಳಿ ಹಾಕುತ್ತಲೇ ಇದ್ದಳು. ಕಿಸೆಯಿಂದ ಸರ್ಟಿಫಿಕೇಟಿನ ತುದಿ ಇಣುಕುವುದು ಕಂಡಿತು. ನಾನು ಎದೆ ನೋಯುವವನ ಹಾಗೆ ಅದರ ಮೇಲೆ ಅಂಗೈ ಊರಿ, ಬಾಯಿ ಅಗಲಿಸಿ, ಇನ್ನೂ ಸ್ವಲ್ಪ ಹೊತ್ತು ಏದುಸಿರು ಬಿಟ್ಟೆ.